ಅರಿವಿನ ಅಳತೆಗೋಲು: ಉಡುಪಿ ಸೀಮೆಯ ದುಡಿಯುವ ಸ್ತ್ರೀಯರೂ ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯೂ

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ಊರುಗಳ ಯಾವುದಾದರೊಂದು ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸರಿಗೆ ಒಂದು ಬಗೆಯ ಪ್ರಶ್ನಾವಳಿ ಈಗ ಅಪರಿಚಿತವಲ್ಲ. ಶುಶ್ರೂಷಾಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಕೊಠಡಿಗೆ ಬಂದು, ವಿನಯದಿಂದ ನಿಂತು, ಮೂರು ನಾಲ್ಕು ಹಾಳೆಗಳನ್ನು ಕೈಗೆ ಕೊಡುತ್ತಾಳೆ. ಗರ್ಭಕಂಠದ ಕ್ಯಾನ್ಸರ್ ಎಂಬ ರೋಗದ ಹೆಸರನ್ನು ತಾವು ಕೇಳಿರುವಿರಾ? ಅದಕ್ಕೆ ಕಾರಣವಾದ ವೈರಾಣು ಯಾವುದು? ರೋಗವು ಬಲಿಯುವ ಮೊದಲೇ ಅದನ್ನು ಗುರುತಿಸುವ ಪರೀಕ್ಷೆ ಉಂಟೆಂಬುದು ಗೊತ್ತೆ? ಆ ಪರೀಕ್ಷೆಯನ್ನು ಮಾಡಿಸಿಕೊಂಡಿರುವಿರಾ? ಇಲ್ಲವಾದರೆ ಕಾರಣವೇನು? ಸರಿಯುತ್ತರಕ್ಕೆ ಒಂದೊಂದು ಅಂಕ. ಅಂಕಗಳನ್ನು ಕೂಡಿಸಿ, ಉತ್ತರಿಸಿದವರನ್ನು ಅರಿವು ಉತ್ತಮವಾಗಿರುವವರು, ಸಾಧಾರಣವಾಗಿರುವವರು, ಕಡಿಮೆಯಿರುವವರು ಎಂದು ಮೂರು ಗುಂಪಾಗಿ ವಿಂಗಡಿಸುವುದು ವಾಡಿಕೆ. ವರದಿಯ ಕೊನೆಯ ವಾಕ್ಯವನ್ನು ಓದುವ ಮೊದಲೇ ಹೇಳಿಬಿಡಬಹುದು: ಅರಿವು ಸಾಲದು, ಪರೀಕ್ಷೆ ಮಾಡಿಸಿಕೊಂಡವರು ಅತ್ಯಲ್ಪ, ಆದುದರಿಂದ ಅರಿವು ಮೂಡಿಸುವ ಕಾರ್ಯಕ್ರಮಗಳನ್ನು ಹಮ್ಮಿಕೊಳ್ಳತಕ್ಕದ್ದು.

ಈ ವಾಕ್ಯದಲ್ಲಿರುವ ‘ಆದುದರಿಂದ’ ಎಂಬ ಪದವನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವೈದ್ಯಶಾಸ್ತ್ರದ ವಿಷಯದಲ್ಲಿ ಇತಿಹಾಸದ ಅಧ್ಯಾಪಕಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಶಾಸನವಾಗಲಿ, ಕಡತವಾಗಲಿ, ಪ್ರವಾಸಿಯ ಬರಹವಾಗಲಿ, ಅದನ್ನು ಯಾರು, ಯಾರನ್ನು ಕೇಳಿ, ಏತಕ್ಕಾಗಿ ಬರೆದಿಟ್ಟರೆಂದು ವಿಚಾರಿಸದೆ ಅದರ ಮಾತನ್ನು ಒಪ್ಪಬಾರದೆಂದು ನಾವು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಪ್ರಶ್ನಾವಳಿಯೂ ಒಂದು ಆಕರವೇ ಆದುದರಿಂದ ಆ ನಿಯಮ ಅದಕ್ಕೂ ಸಲ್ಲತಕ್ಕದ್ದು.

ರೋಗದ ಗುರುತ್ವದ ಬಗ್ಗೆ ಹೆಚ್ಚು ವಿಸ್ತರಿಸಬೇಕಾಗಿಲ್ಲ. ೨೦೨೨ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು ೧,೨೭,೦೦೦ ಸ್ತ್ರೀಯರಿಗೆ ಈ ರೋಗ ಹೊಸದಾಗಿ ತಗಲಿತು. ೮೦,೦೦೦ಕ್ಕೆ ಹತ್ತಿರದಷ್ಟು ಮಂದಿ ಅದರಿಂದ ಮೃತರಾದರು. ವಿಷಾದಕ್ಕೆ ಕಾರಣವಾದ ಸಂಗತಿಯೆಂದರೆ, ಕ್ಯಾನ್ಸರುಗಳಲ್ಲೆಲ್ಲ ತಡೆಯಲು ಬಹು ಸುಲಭವಾದವುಗಳ ಸಾಲಿಗೆ ಇದು ಸೇರಿರುವುದು. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಾಣುವಿನ ಕೆಲವು ಬಗೆಗಳು ಇದಕ್ಕೆ ಮೂಲವೆಂಬುದನ್ನು ೧೯೮೩ರಿಂದೀಚೆಗೆ ತೋರಿಸಿಕೊಟ್ಟ ಜರ್ಮನ್ ವಿಜ್ಞಾನಿ ಹಾರಾಲ್ಡ್ ಜುರ್ ಹೌಸೆನ್ ೨೦೦೮ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಅದು ಒಂದೆರಡು ವರ್ಷಗಳಲ್ಲಿ ತಾನಾಗಿ ಕಳೆಯುತ್ತದೆ. ಕಳೆಯದೆ ಉಳಿದಲ್ಲಿ ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳೇ ಬೇಕು. ಅಷ್ಟು ದೀರ್ಘವಾದ ಅವಧಿಯಲ್ಲಿ ಒಂದೆರಡು ಸಲ ನೋಡಿದರೆ ಸಾಕು, ರೋಗವಾಗುವ ಮುನ್ನವೇ ಚಿಕಿತ್ಸೆ ಮಾಡಬಹುದು. ಮೂವತ್ತೈದರೊಳಗೆ ಒಮ್ಮೆ, ನಲವತ್ತೈದರೊಳಗೆ ಇನ್ನೊಮ್ಮೆ, ನೂರಕ್ಕೆ ಎಪ್ಪತ್ತು ಮಂದಿ ಸ್ತ್ರೀಯರಿಗಾದರೂ ೨೦೩೦ರ ವೇಳೆಗೆ ಪರೀಕ್ಷೆ ಆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಗುರಿಯಿಟ್ಟಿತು. ಭಾರತ ಸರಕಾರವು ೨೦೧೬ರಲ್ಲಿ ಹೊರಡಿಸಿದ ಕಾರ್ಯವಿಧಾನದಲ್ಲಿ ಮೂವತ್ತರಿಂದ ಅರುವತ್ತೈದು ವರ್ಷದ ಸ್ತ್ರೀಯರೆಲ್ಲರಿಗೂ ಐದು ವರ್ಷಕ್ಕೊಮ್ಮೆ ತಪಾಸಣೆಯೆಂದು ಬರೆದಿದೆ. ಆದರೆ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆಗೆ ಒಳಗಾದವರು ನೂರಕ್ಕೆ ೧.೯ ಮಾತ್ರ.

ಇಲ್ಲಿ ಸ್ವಂತದ ಒಂದು ಸಂಗತಿಯನ್ನು ಹೇಳಬೇಕಾಗಿದೆ; ವಾಚಕರು ಮನ್ನಿಸಬೇಕು. ಮೇಲೆ ವರ್ಣಿಸಿದ ಹಾಳೆಗಳನ್ನು ನಾನೂ ತುಂಬಿದ್ದೇನೆ. ವೈರಾಣುವಿನ ಹೆಸರು ಬರೆದೆ, ಪರೀಕ್ಷೆಯ ಹೆಸರು ಬರೆದೆ. ಅರಿವು ಉತ್ತಮವಾಗಿರುವವರ ಗುಂಪಿಗೆ ಸೇರಿದೆನೆಂಬುದರಲ್ಲಿ ಸಂಶಯವಿಲ್ಲ. ಪರೀಕ್ಷೆ ಮಾಡಿಸಿಕೊಂಡಿರುವಿರಾ ಎಂಬಲ್ಲಿ ‘ಇಲ್ಲ’ ಎಂದು ಗುರುತು ಹಾಕಿದೆ. ಕಾರಣಗಳ ಸಾಲಿನಲ್ಲಿ ತಿಳಿವಳಿಕೆ ಇಲ್ಲ, ನಾಚಿಕೆ, ಭಯ, ಸಮಯವಿಲ್ಲ ಎಂದು ನಾಲ್ಕಿದ್ದವು. ‘ಸಮಯವಿಲ್ಲ’ ಎಂದು ಬರೆದೆ. ಅದು ನಿಜವಲ್ಲ. ಆ ವರ್ಷದ ಬೇಸಗೆಯ ರಜೆಯಲ್ಲಿ ನಾನು ಎರಡು ಮದುವೆಗಳಿಗೆ ಧರ್ಮಸ್ಥಳದವರೆಗೂ ಹೋಗಿ ಬಂದಿದ್ದೆ. ನಿಜವಾದ ಕಾರಣ, ಬಾ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಆ ಉತ್ತರಕ್ಕೆ ಹಾಳೆಯಲ್ಲಿ ಸ್ಥಳವಿರಲಿಲ್ಲ.

ನನ್ನೊಬ್ಬಳ ಅನುಭವದಿಂದ ಪ್ರಮೇಯವನ್ನು ಕಟ್ಟುವುದು ಯುಕ್ತವಾಗದು. ಆದರೆ ದಾದಿಯರಲ್ಲಿ, ಎಂದರೆ ಈ ರೋಗಿಗಳ ಶುಶ್ರೂಷೆಯನ್ನು ದಿನವೂ ಮಾಡುವವರಲ್ಲಿ, ನಮ್ಮ ದೇಶದ ಅನೇಕ ಕಡೆ ನಡೆದ ಸಮೀಕ್ಷೆಗಳು ಇದನ್ನೇ ಹೇಳುತ್ತವೆ: ಅರಿವಿನ ಅಂಕ ಹೆಚ್ಚು, ತಾವು ಪರೀಕ್ಷಿಸಿಕೊಂಡದ್ದು ಕಡಿಮೆ. ಅರಿವೇ ಕಾರಣವಾಗಿದ್ದಲ್ಲಿ ಇವರು ಎಲ್ಲರಿಗಿಂತ ಮುಂದಿರಬೇಕಿತ್ತು. ರಾಜ್ಯಗಳನ್ನು ಹೋಲಿಸಿದರೂ ಹಾಗೆಯೇ. ಅಕ್ಷರಜ್ಞಾನದಲ್ಲಿ ಮೊದಲನೆಯದೆನಿಸಿದ ಕೇರಳವು ಈ ತಪಾಸಣೆಯಲ್ಲಿ ತಮಿಳುನಾಡಿಗಿಂತ ಬಹಳ ಹಿಂದೆ ಉಳಿದಿದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ತಮಿಳುನಾಡಿನ ಪ್ರಮಾಣ ನೂರಕ್ಕೆ ೯.೮. ತೇನಿ, ತಂಜಾವೂರು ಜಿಲ್ಲೆಗಳಲ್ಲಿ ೨೦೦೭ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ಕ್ರಮೇಣ ರಾಜ್ಯಕ್ಕೆಲ್ಲ ವಿಸ್ತರಿಸಿದ ಒಂದು ಸರಕಾರಿ ವ್ಯವಸ್ಥೆ ಅಲ್ಲಿತ್ತು.

ಇದಕ್ಕಿಂತಲೂ ವಿಚಾರಾರ್ಹವಾದ ಉದಾಹರಣೆ ನಮ್ಮ ಗಡಿಗೆ ಸಮೀಪದಲ್ಲಿಯೇ ಇದೆ. ಈಗ ಧಾರಾಶಿವ ಎನ್ನಿಸಿಕೊಳ್ಳುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ೫೨ ಗ್ರಾಮಸಮೂಹಗಳಲ್ಲಿ, ಮೂವತ್ತರಿಂದ ಐವತ್ತೊಂಬತ್ತು ವಯಸ್ಸಿನ ೧,೩೧,೭೪೬ ಸ್ತ್ರೀಯರನ್ನು ಒಳಗೊಂಡು ನಡೆದ ಪರಿಶೀಲನೆಯ ಫಲಿತಾಂಶಗಳು ೨೦೦೯ರಲ್ಲಿ ಪ್ರಕಟವಾದವು. ವೈರಾಣುವಿನ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಗ್ರಾಮಗಳಲ್ಲಿ, ಎಂಟು ವರ್ಷಗಳೊಳಗೆ ಈ ರೋಗದಿಂದಾಗುವ ಮರಣಗಳು ಅರ್ಧದಷ್ಟಕ್ಕೆ ಇಳಿದಿದ್ದವು. ವೈದ್ಯರು ಈ ಅಂಕಿಯನ್ನೇ ಉದ್ಧರಿಸುತ್ತಾರೆ. ನಮ್ಮ ಪ್ರಸ್ತಾಪಕ್ಕೆ ಬೇಕಾದದ್ದು ಅದೇ ವರದಿಯ ಮತ್ತೊಂದು ಅಂಕಿ: ಪರೀಕ್ಷೆಗೆ ಕರೆದ ಸ್ತ್ರೀಯರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಬಂದರು. ಇವರಲ್ಲಿ ಓದು ಬರಹ ಬಲ್ಲವರೇ ಕಡಿಮೆ. ಹೊಲಗೆಲಸ ಬಿಟ್ಟು ಬರಬೇಕಾದವರು. ೨೦೧೧ರ ಜನಗಣತಿಯಂತೆ ನೂರಕ್ಕೆ ೮೬ ಮಂದಿ ಅಕ್ಷರಸ್ಥರಿರುವ ಉಡುಪಿ ಜಿಲ್ಲೆಯಲ್ಲಿ ಅರಿವಿನ ಕೊರತೆಯನ್ನು ಹುಡುಕಿಕೊಂಡು ಹೊರಡುವವರು ಈ ಉಸ್ಮಾನಾಬಾದಿನ ಹೆಂಗಸರು ಏಕೆ ಬಂದರೆಂದು ಒಮ್ಮೆ ಕೇಳಿಕೊಳ್ಳಬೇಕು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡಿದ್ದರು. ಹೆಸರು ಹಿಡಿದು ಕರೆದರು. ಊರ ಹತ್ತಿರವೇ ಪರೀಕ್ಷಿಸಿದರು. (ಹೋಲಿಕೆಗಾಗಿ ತಪಾಸಣೆಯಿಲ್ಲದೆಯೇ ಬಿಟ್ಟ ಗ್ರಾಮಗಳ ಸ್ತ್ರೀಯರ ವಿಷಯದಲ್ಲಿ ನ್ಯಾಯ ನಡೆಯಿತೆ ಎಂಬ ಆಕ್ಷೇಪ ಮುಂದೆ ಎದ್ದಿತು. ಅದು ಸಣ್ಣ ಆಕ್ಷೇಪವಲ್ಲ. ಆದರೆ ಅದರ ಚರ್ಚೆಗೆ ಇದು ಸ್ಥಳವಲ್ಲ.)

ಬ್ರಿಟನ್ನಿನ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಜಾರ್ಜ್ ಪಾಪನಿಕೊಲಾವ್ ರೂಢಿಗೆ ತಂದ, ಗರ್ಭಕಂಠದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆಯು ಅಲ್ಲಿ ೧೯೬೦ರ ದಶಕದ ನಡುವಿನಿಂದಲೇ ದೊರೆಯುತ್ತಿತ್ತು. ಬೇಕೆಂದವರು ಮಾಡಿಸಿಕೊಳ್ಳುತ್ತಿದ್ದರು, ಪ್ರಚಾರವೂ ಇತ್ತು. ಇಪ್ಪತ್ತು ವರ್ಷ ಕಳೆದರೂ ಮರಣಸಂಖ್ಯೆ ನಿರೀಕ್ಷಿಸಿದಂತೆ ಇಳಿಯಲಿಲ್ಲ. ೧೯೮೮ರಲ್ಲಿ ಪ್ರತಿಯೊಬ್ಬ ಸ್ತ್ರೀಯ ಹೆಸರನ್ನು ಪಟ್ಟಿಯಲ್ಲಿಟ್ಟು, ಸರದಿ ಬಂದಾಗ ಕಾಗದ ಬರೆದು ಕರೆಯುವ, ಬಾರದಿದ್ದವರನ್ನು ಮರಳಿ ಕರೆಯುವ ವ್ಯವಸ್ಥೆಯಾಯಿತು. ನೂರಕ್ಕೆ ೪೨ರಷ್ಟಿದ್ದ ತಪಾಸಣೆ ಆರು ವರ್ಷಗಳಲ್ಲಿ ೮೫ಕ್ಕೆ ಏರಿತು. ಆ ಆರು ವರ್ಷಗಳಲ್ಲಿ ಇಂಗ್ಲಿಷ್ ಸ್ತ್ರೀಯರ ಅರಿವು ಇಮ್ಮಡಿಯಾಯಿತೆಂದು ಯಾರೂ ವಾದಿಸಲಾರರು.

ಹೀಗಿರಲು ನಮ್ಮ ಸಂಶೋಧಕರು ಅರಿವನ್ನೇ ಅಳೆಯುತ್ತ ಕೂತಿರುವುದು ಏಕೆ? ಅಳತೆಗೋಲಿಗೆ ಒಂದು ವಂಶಾವಳಿಯಿದೆ. ಅರಿವು, ಮನೋಭಾವ, ಆಚರಣೆ ಎಂದು ಮೂರು ಭಾಗ ಮಾಡಿ ಪ್ರಶ್ನೆ ಕೇಳುವ ಪದ್ಧತಿಯು ಬೆಳೆದದ್ದು ೧೯೫೦ ಮತ್ತು ೧೯೬೦ರ ದಶಕಗಳಲ್ಲಿ, ಕುಟುಂಬಯೋಜನೆಯ ಸಮೀಕ್ಷೆಗಳಲ್ಲಿ. ಅಂಥ ಸಮೀಕ್ಷೆಗಳ ಪೂರ್ವಜರಲ್ಲಿ ಒಂದು ನಮ್ಮ ರಾಜ್ಯಕ್ಕೇ ಸೇರಿದ್ದು: ವಿಶ್ವಸಂಸ್ಥೆ ಮತ್ತು ಭಾರತ ಸರಕಾರ ಜೊತೆಯಾಗಿ ೧೯೫೧–೫೨ರಲ್ಲಿ ಕ್ಷೇತ್ರಕಾರ್ಯ ನಡೆಸಿ, ೧೯೬೧ರಲ್ಲಿ ಪ್ರಕಟಿಸಿದ ಮೈಸೂರು ಜನಸಂಖ್ಯಾ ಅಧ್ಯಯನ. ಮಕ್ಕಳು ಎಷ್ಟು ಸಾಕೆಂದು ಅಂದು ಹೆಂಗಸರನ್ನು ಕೇಳಿದರು. ಸಾಕು ಎನ್ನುವವರೂ ನಿರೋಧದ ಉಪಾಯವನ್ನು ಕೈಕೊಳ್ಳದಿರುವುದು ಇಂಥ ಸಮೀಕ್ಷೆಗಳಿಗೆಲ್ಲ ಒಗಟಾಗಿ ತೋರಿತು. ಮಾತಿಗೂ ಕೃತಿಗೂ ನಡುವಿನ ಆ ಅಂತರವನ್ನು ತುಂಬಬೇಕಾದದ್ದು ಹೆಂಗಸಿನ ಮನಸ್ಸಿನಲ್ಲಿಯೇ ಎಂಬ ಗ್ರಹಿಕೆ ಆಗಿನಿಂದ ಬೇರೂರಿತು. ಇಂದಿನ ವಿದ್ಯಾರ್ಥಿನಿಯ ಕೈಯಲ್ಲಿರುವ ಹಾಳೆ ಆ ಗ್ರಹಿಕೆಯ ಮೊಮ್ಮಗಳು.

ಅಳತೆಗೋಲಿನ ಇನ್ನೊಂದು ದೋಷವು ‘ದುಡಿಯುವ ಸ್ತ್ರೀ’ ಎಂಬ ಪದದಲ್ಲಿಯೇ ಅಡಗಿದೆ. ಸಮೀಕ್ಷೆಯವರಿಗೆ ಸುಲಭವಾಗಿ ಸಿಗುವವರು ಒಂದೆಡೆ ಕುಳಿತಿರುವವರು: ಶಿಕ್ಷಕಿಯರು, ಬ್ಯಾಂಕಿನ ಗುಮಾಸ್ತೆಯರು, ದಾದಿಯರು, ಮಣಿಪಾಲದ ಕಚೇರಿಗಳಲ್ಲಿರುವವರು. ಅವರು ದುಡಿಯುವವರೇ ಸರಿ. ಆದರೆ ಕಾರ್ಕಳದ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆಯುವ, ಸಿಪ್ಪೆ ತೆಗೆಯುವ, ತಿರುಳನ್ನು ವಿಂಗಡಿಸುವ ಹೆಂಗಸರಿಗೆ ಅರ್ಧ ದಿನದ ಗೈರುಹಾಜರಿಯೆಂದರೆ ಅಷ್ಟು ತೂಕದ ಮಜೂರಿಯ ನಷ್ಟ. ಕಾಪುವಿನ ಕಡಲ ತೀರದ ಮೊಗವೀರ ಹೆಂಗಸರಿಗೆ, ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಹೊತ್ತೇ ಮೀನಿನ ಬುಟ್ಟಿ ಮಾರುಕಟ್ಟೆಯಲ್ಲಿ ಇಳಿದಿರುವ ಹೊತ್ತು. ಇನ್ನು ಬೀಡಿ ಕಟ್ಟುವವರು. ಎಲೆ, ತಂಬಾಕು, ನೂಲನ್ನು ಬೀಡಿಯ ಬ್ರಾಂಚಿನಿಂದ ತಂದು, ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು, ಮನೆಯ ಜಗಲಿಯಲ್ಲಿ ಕುಳಿತು ಸಾವಿರದ ಲೆಕ್ಕದಲ್ಲಿ ಕಟ್ಟಿಕೊಡುವವರು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು ೧೯೬೬ರ ಬೀಡಿ ಕಾರ್ಮಿಕರ ಕಾನೂನು ಒಪ್ಪಿಕೊಂಡಿತ್ತು. ಅರ್ಧ ಶತಮಾನ ಕಳೆದ ಮೇಲೆ ನಮ್ಮ ಪ್ರಶ್ನಾವಳಿಗಳಲ್ಲಿ ಅವಳು ‘ಗೃಹಿಣಿ’.

ನನ್ನ ದೊಡ್ಡಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಹಾಳೆಯಲ್ಲಿಯೂ ಉದ್ಯೋಗದ ಕಲಮಿನಲ್ಲಿ ಇದೇ ಪದವಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸಿದವರು ಅವರು. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡ ರಕ್ತಸ್ರಾವವನ್ನು ಒಂದು ವರ್ಷದಷ್ಟು ಕಾಲ ಯಾರಿಗೂ ಹೇಳಿರಲಿಲ್ಲ. ಅರಿವಿರಲಿಲ್ಲವೇ ಎಂದು ನಾನೂ ಅಂದು ಕೋಪದಿಂದ ಕೇಳಿದವಳೇ. “ಹೆಸರು ಗೊತ್ತಿಲ್ಲ ಮಗಾ, ರೋಗ ಗೊತ್ತುಂಟು,” ಎಂದರು. ಅದೇ ಬ್ರಾಂಚಿಗೆ ಬೀಡಿ ಕೊಡುತ್ತಿದ್ದ ಇಬ್ಬರು ಹೆಂಗಸರು ಇದರಿಂದಲೇ ತೀರಿಕೊಂಡದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮೊದಲ ರೋಗಲಕ್ಷಣ, ವೇದನೆಯ ಕ್ರಮ, ಕಡೆಯ ದಿನಗಳ ವಾಸನೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸುಮ್ಮನಿದ್ದರು, ಆ ಇಬ್ಬರಲ್ಲಿ ಆಸ್ಪತ್ರೆಗೆ ಹೋದವರು ಉಳಿದದ್ದನ್ನು ಅವರು ಕಂಡಿರಲಿಲ್ಲ. ಪ್ರಶ್ನಾವಳಿಯ ಲೆಕ್ಕದಲ್ಲಿ ಅವರಿಗೆ ಬರುವ ಅಂಕ ಸೊನ್ನೆ.

ಇನ್ನು ಸಂಸ್ಥೆಗಳ ಕಡೆಗೆ ತಿರುಗೋಣ. ನಮ್ಮ ಸೀಮೆಯಲ್ಲಿ ಹೆಂಗಸಿಗಾಗಿ ಆಸ್ಪತ್ರೆಯ ಬಾಗಿಲು ತೆರೆದದ್ದು ಯಾವ ಕಾರ್ಯಕ್ಕೆ ಎಂಬುದನ್ನು ಚರಿತ್ರೆ ಸ್ಪಷ್ಟವಾಗಿ ಹೇಳುತ್ತದೆ. ೧೮೮೫ರಲ್ಲಿ ಲೇಡಿ ಡಫರಿನ್ ಅವರ ಹೆಸರಿನ ನಿಧಿ ಸ್ಥಾಪಿತವಾದಂದಿನಿಂದ ಸ್ತ್ರೀವೈದ್ಯವೆಂದರೆ ಮುಖ್ಯವಾಗಿ ಹೆರಿಗೆ ಎಂಬ ಕಲ್ಪನೆ ದೇಶದಲ್ಲೆಲ್ಲ ಹಬ್ಬಿತು. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ೧೯೨೩ರಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆಯ ಮೇಲೆ ಊರವರಿಗೆ ಇಂದಿಗೂ ಇರುವ ಗೌರವಕ್ಕೆ, ಅಲ್ಲಿ ಬದುಕಿ ಉಳಿದ ಬಾಣಂತಿಯರು ಮತ್ತು ಶಿಶುಗಳು ಕಾರಣ. ಹಾಜಿ ಅಬ್ದುಲ್ಲಾ ಸಾಹೇಬರು ದಾನವಾಗಿ ಕೊಟ್ಟ ನೆಲದಲ್ಲಿರುವ ಸರಕಾರಿ ಆಸ್ಪತ್ರೆಯೂ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯೇ. ೧೯೫೩ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಸ್ಥಾಪನೆಯಾದ ಕಸ್ತೂರಬಾ ವೈದ್ಯಕೀಯ ಕಾಲೇಜು ಗುಡ್ಡವನ್ನಿಳಿದು ಕರಾವಳಿಯ ಹಳ್ಳಿಗಳಲ್ಲಿ ಕೇಂದ್ರಗಳನ್ನು ನಡೆಸಿದಾಗ, ಅವು ಗ್ರಾಮೀಣ ಮಾತೃ ಮತ್ತು ಶಿಶು ಕಲ್ಯಾಣ ಗೃಹಗಳಾದವು. ಇವೆಲ್ಲವೂ ಮಾಡಿದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಇಂದು ನಮ್ಮ ಜಿಲ್ಲೆಯಲ್ಲಿ ಮನೆಯ ಕತ್ತಲೆ ಕೋಣೆಯಲ್ಲಿ ಹೆರುವವರು ಇಲ್ಲವೆನ್ನುವಷ್ಟು ವಿರಳ.

ಆದರೆ ಬಾಗಿಲು ಯಾವ ಅಳತೆಗೆ ಕಟ್ಟಲ್ಪಟ್ಟಿದೆಯೋ ಆ ಅಳತೆಯವರೇ ಅದರಲ್ಲಿ ಹೊಕ್ಕಾರು. ಗರ್ಭಿಣಿಯ ಹೆಸರು ತಾಯಿ ಕಾರ್ಡಿನಲ್ಲಿ ಏರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾಳೆ. ಮಗುವಿನ ಚುಚ್ಚುಮದ್ದು ಮುಗಿಯುವ ತನಕ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಆ ಹೆಂಗಸು ಸರಕಾರದ ಲೆಕ್ಕದಿಂದ ಇಳಿದುಬಿಡುತ್ತಾಳೆ. ಮೂವತ್ತಕ್ಕೆ ಹತ್ತಿರವಾದ ವಯಸ್ಸು ಅದು. ತಪಾಸಣೆಯ ವಯಸ್ಸು ಆರಂಭವಾಗುವುದು ಅಲ್ಲಿಂದಲೇ. ರೋಗವಿಲ್ಲದ, ಬಸುರಿಲ್ಲದ ಹೆಂಗಸೊಬ್ಬಳು ನನ್ನನ್ನು ನೋಡಿ ಎಂದು ಬಂದು ನಿಂತರೆ ಅವಳನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂಬುದೇ ನಮ್ಮ ಸಂಸ್ಥೆಗಳಿಗೆ ಥಟ್ಟನೆ ಹೊಳೆಯದು. ದೊಡ್ಡಮ್ಮನ ಪ್ರಸಂಗದ ಬಳಿಕ ನಾನು ಕಾಲೇಜಿಗೆ ಅರ್ಧ ದಿನದ ರಜೆ ಹಾಕಿ ಪರೀಕ್ಷೆಗೆ ಹೋದೆ. ಯಾವ ಆಸ್ಪತ್ರೆಯೆಂಬುದು ಅಪ್ರ‍ಕೃತ. ಚೀಟಿ ಬರೆಯುವವರು ತಲೆಯೆತ್ತದೆಯೇ “ಎಷ್ಟು ತಿಂಗಳು?” ಎಂದು ಕೇಳಿದರು. ಅವರಲ್ಲಿ ಅವಿನಯವೇನೂ ಇರಲಿಲ್ಲ. ನೂರು ವರ್ಷಗಳಿಂದ ಆ ಕಿಟಕಿಯಲ್ಲಿ ಕೇಳುತ್ತ ಬಂದ ಪ್ರಶ್ನೆ ಅದು.

ನಾಚಿಕೆಯ ವಿಚಾರವನ್ನು ವರದಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅದು ಅಷ್ಟಕ್ಕೆ ಮುಗಿಯುವ ವಿಷಯವಲ್ಲ. ಇಟಲಿಯ ವೈದ್ಯ ರಿಗೋನಿ-ಸ್ಟರ್ನ್ ೧೮೪೨ರಲ್ಲಿ, ವೆರೋನಾ ನಗರದ ಸುಮಾರು ಎಂಬತ್ತು ವರ್ಷಗಳ ಮರಣದಾಖಲೆಗಳನ್ನು ಜಾಲಾಡಿ, ಗರ್ಭಾಶಯದ ಕ್ಯಾನ್ಸರ್ ವಿವಾಹಿತೆಯರಲ್ಲಿ ಹೆಚ್ಚು, ಸಂನ್ಯಾಸಿನಿಯರಲ್ಲಿ ಅಪೂರ್ವ ಎಂದು ತೋರಿಸಿದರು. ದಾಖಲೆಗಳನ್ನು ಓದುವ ಕಲೆಗೆ ಇದು ಉಜ್ವಲ ನಿದರ್ಶನ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಆದರೆ ಆ ಸತ್ಯದ ನೆರಳಾಗಿ, ಈ ರೋಗ ಬಂದವಳ ನಡತೆಯನ್ನು ಶಂಕಿಸುವ ಕೆಟ್ಟ ಅಭ್ಯಾಸವೂ ಬೆಳೆಯಿತು. ವೈರಾಣು ದಾಂಪತ್ಯದೊಳಗೂ ಗಂಡನಿಂದ ಹೆಂಡತಿಗೆ ಬರುವಂಥದ್ದು, ಬಹುತೇಕ ಎಲ್ಲರಿಗೂ ಜೀವಮಾನದಲ್ಲಿ ಒಮ್ಮೆ ತಗಲುವಂಥದ್ದು ಎಂಬುದನ್ನು ಹೇಳದೆ ಬರೇ ‘ಲೈಂಗಿಕ ಸಂಪರ್ಕದಿಂದ ಹರಡುವ ರೋಗ’ವೆಂದು ಕರಪತ್ರದಲ್ಲಿ ಅಚ್ಚು ಹಾಕಿದರೆ, ಅರಿವು ಹೆಚ್ಚಿದಷ್ಟೂ ಹಿಂದೆ ಸರಿಯುವವರು ಹೆಚ್ಚಾಗಬಹುದು. ಅಂಜಿಕೆಯೂ ಹಾಗೆಯೇ. ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಸ್ತ್ರೀಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಸಂಗತಿ ೨೦೧೫ರಲ್ಲಿ ಬಹಿರಂಗವಾದದ್ದನ್ನು ಪತ್ರಿಕೆಗಳಲ್ಲಿ ಓದಿದವಳೊಬ್ಬಳು, ಪರೀಕ್ಷೆಗೆ ಹೋದರೆ ಗರ್ಭಕೋಶ ತೆಗೆಸಬೇಕೆನ್ನುತ್ತಾರೋ ಎಂದು ಹೆದರಿದರೆ ಅದನ್ನು ಅಜ್ಞಾನವೆನ್ನುವುದು ಹೇಗೆ?

ಹಾಗಾದರೆ ನಮ್ಮ ಸೀಮೆಯಲ್ಲಿ ಹೆಸರು ಬರೆದು, ಮನೆಗೆ ಹೋಗಿ, ಸರದಿ ತಪ್ಪದೆ ವಿಚಾರಿಸುವ ಪದ್ಧತಿಗೆ ಪೂರ್ವನಿದರ್ಶನವಿಲ್ಲವೇ? ಬೇಕಾದಷ್ಟಿದೆ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ. ಹಣ ಕೂಡಿಡುವುದರ ಮಹತ್ವದ ಬಗ್ಗೆ ನೇಕಾರರ ಅರಿವನ್ನು ಅಳೆದು ಅಂಕ ಕೊಡುವ ಗೋಜಿಗೆ ಅದು ಹೋಗಲಿಲ್ಲ. ಏಜೆಂಟನು ದಿನವೂ ಬಾಗಿಲಿಗೆ ಬಂದು, ಎರಡಾಣೆ ಪಡೆದು, ಪುಸ್ತಕದಲ್ಲಿ ಬರೆದು ಹೋಗುತ್ತಿದ್ದನು. ಬ್ಯಾಂಕಿನ ಮೆಟ್ಟಲನ್ನು ತುಳಿಯಲು ಅಳುಕುತ್ತಿದ್ದವರ ಮನೆಗೆ ಬ್ಯಾಂಕೇ ಬಂದಿತು. ಅದರ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ಟಿ. ಎಂ. ಎ. ಪೈಗಳೇ ಮಣಿಪಾಲದ ವೈದ್ಯಕೀಯ ಕಾಲೇಜಿನ ಸ್ಥಾಪಕರು. ಒಬ್ಬರೇ ಪುರುಷರ ಈ ಎರಡು ಸಾಹಸಗಳಲ್ಲಿ ಮೊದಲನೆಯದರ ಯುಕ್ತಿಯನ್ನು ಎರಡನೆಯದರ ಕ್ಷೇತ್ರಕ್ಕೆ ಅನ್ವಯಿಸಿ ನೋಡಬಾರದೇಕೆ ಎಂಬುದು ಕೇಳತಕ್ಕ ಪ್ರಶ್ನೆ.

ಉಪಕರಣಗಳ ಕೊರತೆಯೂ ಈಗ ನೆಪವಾಗಲಾರದು. ಗರ್ಭಕಂಠಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಅಸಿಟಿಕ್ ಆಮ್ಲದ ದ್ರಾವಣವನ್ನು ಹಚ್ಚಿ, ಒಂದು ನಿಮಿಷ ಕಳೆದು, ಬೆಳ್ಳಗಾದ ಭಾಗವಿದೆಯೇ ಎಂದು ಬರಿಗಣ್ಣಿನಿಂದ ನೋಡುವ ಪರೀಕ್ಷೆಯನ್ನು ತರಬೇತಾದ ದಾದಿಯೇ ಮಾಡಬಲ್ಲಳು. ವೈರಾಣುವಿನ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಂಗಸು ತಾನೇ, ಪರರ ಕಣ್ಣಿಗೆ ಬೀಳದೆ, ತೆಗೆದುಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಸೂಚನೆಗಳು ಒಪ್ಪಿವೆ. ನಾಚಿಕೆಯ ಸಮಸ್ಯೆಗೆ ನೂರು ಉಪನ್ಯಾಸಗಳಿಗಿಂತ ಇದೊಂದು ಹತ್ತಿಯ ಕಡ್ಡಿ ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಬೀಡಿಯ ಬ್ರಾಂಚಿನಲ್ಲಿ ಪ್ರತಿಯೊಬ್ಬಳ ಹೆಸರಿನ ಪುಸ್ತಕವಿದೆ. ಲೆಕ್ಕ ಒಪ್ಪಿಸಲು ಅವಳು ಅಲ್ಲಿಗೆ ತಪ್ಪದೆ ಬರುತ್ತಾಳೆ. ಕಾಪುವಿನಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಆವಕ ಇಳಿಯುವ ಆ ಎರಡು ತಿಂಗಳುಗಳಲ್ಲಿ ಹೆಂಗಸರಿಗೆ ಕೊಂಚ ಬಿಡುವುಂಟು. ತಪಾಸಣಾ ಶಿಬಿರದ ದಿನವನ್ನು ಗೊತ್ತುಮಾಡುವವರು ಆರೋಗ್ಯ ದಿನಾಚರಣೆಗಳ ಪಟ್ಟಿಯನ್ನು ನೋಡುತ್ತಾರೆಯೇ ಹೊರತು ಕಡಲಿನ ಪಂಚಾಂಗವನ್ನು ನೋಡುವುದಿಲ್ಲ.

ಕಾನೂನಿನ ನೆರವು ಎಷ್ಟರ ಮಟ್ಟಿಗೆ? ಬೀಡಿ ಕಾರ್ಮಿಕರ ಕ್ಷೇಮನಿಧಿ ೧೯೭೬ರ ಕಾನೂನಿನಿಂದ ಸ್ಥಾಪಿತವಾಗಿ, ಅದರಿಂದ ಔಷಧಾಲಯಗಳು ನಡೆದವು. ಆ ನಿಧಿಗೆ ಮೂಲವಾದ ಕರವು ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರದ್ದಾಯಿತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು, ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಪರೀಕ್ಷೆಯ ಭರವಸೆ ಕೊಟ್ಟಿವೆ. ಸ್ವಾಗತಾರ್ಹವೇ. ಆದರೆ ಈ ತಪಾಸಣೆ ಆರಂಭವಾಗಬೇಕಾದದ್ದು ಮೂವತ್ತಕ್ಕೆ. ಮೇಲಾಗಿ, ಜಗಲಿಯಲ್ಲಿ ಕುಳಿತವಳಿಗೆ ಅದು ತಲಪುವ ದಾರಿ ಯಾವುದೆಂಬುದು ಇನ್ನು ಕಾಣಬೇಕಾಗಿದೆ.

ನನ್ನ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅರಿವು ತೀರ ನಿರರ್ಥಕವೆಂದು ನಾನು ಹೇಳಿಲ್ಲ. ಕರೆದಾಗ ಹೋಗಲು ಇದು ಯಾವ ಪರೀಕ್ಷೆಯೆಂದು ತಿಳಿದಿರಬೇಕಾದದ್ದು ಸರಿಯೇ. ಪಟ್ಟಿಯಲ್ಲಿ ಹೆಸರು ಬರೆದು ಹಿಂಬಾಲಿಸುವ ಪದ್ಧತಿಯು ಕುಟುಂಬಯೋಜನೆಯ ಕಾಲದಲ್ಲಿ, ಅದರಲ್ಲೂ ೧೯೭೫–೭೭ರ ತುರ್ತುಪರಿಸ್ಥಿತಿಯಲ್ಲಿ, ಬಲಾತ್ಕಾರಕ್ಕೆ ತಿರುಗಿದ್ದನ್ನು ಇತಿಹಾಸದವರು ಮರೆಯುವಂತಿಲ್ಲ. ಆಶಾ ಕಾರ್ಯಕರ್ತೆಯರ ಹೆಗಲಿಗೆ ಇನ್ನೊಂದು ಪುಸ್ತಕವನ್ನು ಹೊರಿಸಿ, ಅದಕ್ಕೆ ತಕ್ಕ ಸಂಬಳ ಕೊಡದಿದ್ದರೆ ಆ ಪುಸ್ತಕದಲ್ಲಿ ಸುಳ್ಳು ತುಂಬುವುದೂ ನಿಶ್ಚಯ. ಎಲ್ಲಕ್ಕಿಂತ ಕಠಿನವಾದದ್ದು ಪರೀಕ್ಷೆಯ ನಂತರದ ಘಟ್ಟ. ದೋಷ ಕಂಡವಳು ಮುಂದಿನ ಚಿಕಿತ್ಸೆಗಾಗಿ ಕಾರ್ಕಳದ ಒಳನಾಡಿನಿಂದ ಎರಡು ಬಸ್ಸು ಬದಲಿಸಿ ಮಣಿಪಾಲಕ್ಕೆ ಬರಬೇಕಾದರೆ, ಅವಳ ಜೊತೆಗೆ ಬರುವವರಾರು, ಅಂದಿನ ಮಜೂರಿ ಕೊಡುವವರಾರು? ಕರೆದು ಪರೀಕ್ಷಿಸಿ, ದೋಷ ಹೇಳಿ, ಕೈಬಿಡುವುದಕ್ಕಿಂತ ಕರೆಯದಿರುವುದೇ ಲೇಸೆಂದು ಒಬ್ಬ ಹಿರಿಯ ವೈದ್ಯೆ ನನ್ನೊಡನೆ ವಾದಿಸಿದರು. ನಾನು ಒಪ್ಪಲಿಲ್ಲ, ಆದರೆ ಅವರಿಗೆ ಕೊಡಲು ಪೂರ್ಣವಾದ ಉತ್ತರ ನನ್ನಲ್ಲಿರಲಿಲ್ಲ.

ಮುಂದೆ ಈ ವಿಷಯದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿನಿಯರಿಗೆ ಸೂಚಿಸಬಹುದಾದದ್ದು ಇಷ್ಟು. ವೈರಾಣುವಿನ ಹೆಸರು ಕೇಳುವುದನ್ನು ಬಿಡಿ. ನಿಮ್ಮನ್ನು ಹೆಸರು ಹಿಡಿದು ಯಾರಾದರೂ ಕರೆದರೇ, ಯಾವ ದಿನ, ಯಾವ ಹೊತ್ತಿಗೆ, ಆ ಹೊತ್ತಿಗೆ ನೀವು ಎಲ್ಲಿದ್ದಿರಿ, ಹೋದಲ್ಲಿ ಮೊದಲು ಕೇಳಿದ್ದೇನು, ಪರೀಕ್ಷಿಸಿದವರು ಹೆಂಗಸೇ, ಫಲಿತಾಂಶ ಮನೆಗೆ ಬಂತೇ ಎಂದು ಕೇಳಿ. ಇದೇ ಪ್ರಶ್ನೆಗಳನ್ನು ಆರೋಗ್ಯ ಕೇಂದ್ರದವರಿಗೂ ಕಾರ್ಖಾನೆಯ ಯಜಮಾನರಿಗೂ ಬೀಡಿ ಕಂಟ್ರಾಕ್ಟುದಾರರಿಗೂ ಕೇಳಿ, ಅಂಕಗಳನ್ನು ಅವರಿಗೂ ಕೊಡಿ. ನಮ್ಮ ತರಗತಿಯ ಒಬ್ಬಳು, ತಾನೂ ರಜೆಯಲ್ಲಿ ತಾಯಿಯೊಡನೆ ಬೀಡಿ ಕಟ್ಟುವವಳು, ಈ ವರ್ಷ ಅಂಥ ಹಾಳೆಯೊಂದನ್ನು ತಯಾರಿಸಿ ತನ್ನ ಊರಿನ ಬ್ರಾಂಚಿನಲ್ಲಿ ತುಂಬಿಸಿ ತಂದಿದ್ದಾಳೆ. ‘ಗೃಹಿಣಿ’ ಎಂಬ ಪದವನ್ನು ಅವಳು ಕಲಮಿನಿಂದಲೇ ತೆಗೆದುಹಾಕಿದ್ದಾಳೆ. ಅದರ ಪರಿಶೀಲನೆ ಮುಂದಿನ ಸಂಚಿಕೆಗೆ.